ಅಪರಿಚಿತರು ಗ್ರಾಹಕರಾಗುವ ಬಗೆ: ಸ್ವಸಹಾಯ ಸಂಘಗಳ ಉತ್ಪನ್ನಗಳಿಗೆ ಇ-ಮೇಲ್ ಪತ್ರದ ಮಾರುಕಟ್ಟೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



1. ಮೇಳ ಮುಗಿದ ಮೇಲಿನ ಪ್ರಶ್ನೆ

ಗ್ರಾಮೀಣ ಮಹಿಳೆಯರ ಸ್ವಸಹಾಯ ಸಂಘಗಳು ತಯಾರಿಸುವ ವಸ್ತುಗಳಿಗೆ ಗುಣಮಟ್ಟದ ಕೊರತೆಯಿಲ್ಲ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಕೌದಿ, ಬಿದಿರಿನ ಬುಟ್ಟಿ ಮುಂತಾದವು ಸರಸ್ ಮೇಳಗಳಲ್ಲಿ, ಜಾತ್ರೆಗಳಲ್ಲಿ, ಜಿಲ್ಲಾ ಉತ್ಸವಗಳಲ್ಲಿ ಮೆಚ್ಚುಗೆ ಗಳಿಸುತ್ತವೆ. ಮಳಿಗೆಗೆ ಬಂದವರು ರುಚಿ ನೋಡುತ್ತಾರೆ, ಒಂದೆರಡು ಪೊಟ್ಟಣ ಕೊಳ್ಳುತ್ತಾರೆ, ಇಂಥದ್ದು ನಗರದಲ್ಲಿ ಸಿಗುವುದಿಲ್ಲ ಎಂದು ಹೇಳಿ ಹೋಗುತ್ತಾರೆ. ಮೇಳ ಮುಗಿಯುತ್ತದೆ. ಪೊಟ್ಟಣ ಬರಿದಾದ ದಿನ ಆ ಮನೆಯವರಿಗೆ ಮತ್ತೆ ಬೇಕೆನಿಸಿದರೂ ಸಂಘವನ್ನು ಹುಡುಕುವ ದಾರಿ ತಿಳಿಯದು. ಉಳಿದ ಸರಕನ್ನು ಮರಳಿ ಊರಿಗೆ ಹೊತ್ತು ತಂದ ಸಂಘಕ್ಕೂ ಮೆಚ್ಚಿಕೊಂಡವರು ಯಾರೆಂಬುದು ತಿಳಿಯದು. ಸಂತೆಯಲ್ಲಿ ಕಂಡ ಮುಖ ಸಂತೆಯೊಂದಿಗೇ ಚದುರಿಹೋಗುತ್ತದೆ.

ಇದರ ನಷ್ಟ ಸಣ್ಣದಲ್ಲ. ಮೆಣಸಿನ ಪುಡಿ ದಿನ ಕಳೆದಂತೆ ಬಣ್ಣ ಕಳೆದುಕೊಳ್ಳುತ್ತದೆ. ಶೇಂಗಾ ಪುಡಿಗೆ ಕಮಟು ವಾಸನೆ ಹತ್ತುತ್ತದೆ. ಸಂಘದ ಬ್ಯಾಂಕ್ ಸಾಲದ ಕಂತು ಮಾತ್ರ ಯಾವ ತಿಂಗಳೂ ತಪ್ಪದೆ ಬರುತ್ತದೆ. ಆಗ ಸಂಘವು ಸಿಕ್ಕ ಬೆಲೆಗೆ ಮಧ್ಯವರ್ತಿಗೆ ಸರಕು ಒಪ್ಪಿಸುತ್ತದೆ. ಮುಂದಿನ ಹಂಗಾಮಿನಲ್ಲಿ ಇಬ್ಬರು ಸದಸ್ಯೆಯರು ಸಂಘದ ಕೆಲಸ ಬಿಟ್ಟು ಕೂಲಿಗೆ ಹೋಗುತ್ತಾರೆ. ಆದುದರಿಂದ ಒಮ್ಮೆ ಕೊಂಡ ಅಪರಿಚಿತನನ್ನು ಮತ್ತೆ ಮತ್ತೆ ಕೊಳ್ಳುವ ಗ್ರಾಹಕನನ್ನಾಗಿ ಮಾಡುವುದು ಹೇಗೆ ಎಂಬುದು ವ್ಯಾಪಾರದ ಪ್ರಶ್ನೆಯಷ್ಟೇ ಅಲ್ಲ. ಗ್ರಾಮದ ಜೀವನೋಪಾಯದ ಪ್ರಶ್ನೆಯೂ ಹೌದು. ಇದಕ್ಕಿರುವ ಕಡಿಮೆ ವೆಚ್ಚದ ಸಾಧನಗಳಲ್ಲಿ ಇ-ಮೇಲ್ ಪತ್ರವೂ ಒಂದು.

2. ಇ-ಮೇಲ್‌ನ ಚರಿತ್ರೆ ಕಲಿಸುವ ಪಾಠ

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಕ್ರಮವನ್ನು 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ರೂಪಿಸಿದರು. ವಿಳಾಸದ ನಡುವೆ ಇಂದು ಕಾಣುವ ಆ್ಯಟ್ ಚಿಹ್ನೆಯನ್ನು ಆರಿಸಿದವರೂ ಅವರೇ. ಏಳು ವರ್ಷಗಳ ಬಳಿಕ, 1978ರ ಮೇ ತಿಂಗಳಲ್ಲಿ, ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕಯಂತ್ರ ಕಂಪನಿಯ ಮಾರಾಟ ಅಧಿಕಾರಿ ಗ್ಯಾರಿ ಥುವರ್ಕ್ ಅವರು ಸುಮಾರು 400 ಮಂದಿಗೆ ಒಂದೇ ಬಾರಿಗೆ ಜಾಹೀರಾತು ಪತ್ರ ಕಳುಹಿಸಿದರು. ಪತ್ರ ಪಡೆದವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅನೇಕರು ಸಿಟ್ಟಾಗಿ ದೂರು ನೀಡಿದರು. ಕೇಳದೆ ಬಂದು ಬೀಳುವ ಪತ್ರಗಳ, ಅಂದರೆ ಸ್ಪ್ಯಾಮ್‌ನ, ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.

1999ರಲ್ಲಿ ಅಮೆರಿಕದ ಲೇಖಕ ಸೇತ್ ಗೋಡಿನ್ ‘ಪರ್ಮಿಷನ್ ಮಾರ್ಕೆಟಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಪರಿಚಿತನು ಮೊದಲು ಸ್ನೇಹಿತನಾಗಬೇಕು, ಅನಂತರವೇ ಗ್ರಾಹಕನಾಗುತ್ತಾನೆ. ಅವನ ಅನುಮತಿಯಿಲ್ಲದೆ ಅವನ ಗಮನವನ್ನು ಕಸಿದುಕೊಳ್ಳುವುದು ಫಲ ಕೊಡದು ಎಂಬುದು ಅದರ ತಿರುಳು. ಹಳ್ಳಿಯ ವ್ಯವಹಾರ ಬಲ್ಲವರಿಗೆ ಇದು ಹೊಸ ಮಾತಲ್ಲ. ಮನೆಗೆ ಬಂದವರನ್ನು ಕೂರಿಸಿ ನೀರು ಕೊಟ್ಟು ಕ್ಷೇಮ ವಿಚಾರಿಸಿದ ಮೇಲೆ ವ್ಯವಹಾರದ ಮಾತು ತೆಗೆಯುವುದು ಇಲ್ಲಿನ ರೂಢಿ. ಇ-ಮೇಲ್ ಪತ್ರದಲ್ಲಿಯೂ ಆ ಕ್ರಮವನ್ನೇ ಪಾಲಿಸಬೇಕು.

3. ಯಾರಿಗೆ ತಕ್ಕದ್ದು, ಯಾರಿಗೆ ಅಲ್ಲ

ಎಲ್ಲರಿಗೂ ಇ-ಮೇಲ್ ಸೂಕ್ತವೆಂದು ಭಾವಿಸಬಾರದು. ಪಕ್ಕದ ಊರಿನ ಗ್ರಾಹಕರಿಗೆ ದೂರವಾಣಿ ಕರೆ ಅಥವಾ ವಾಟ್ಸ್ಆ್ಯಪ್ ಸಂದೇಶವೇ ಸಾಕು. ಇ-ಮೇಲ್ ನೆರವಾಗುವುದು ಮುಖ್ಯವಾಗಿ ಮೂರು ಬಗೆಯ ಗ್ರಾಹಕರನ್ನು ತಲುಪಲು. ಮೊದಲನೆಯವರು, ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನಂತಹ ನಗರಗಳಲ್ಲಿ ಉದ್ಯೋಗದಲ್ಲಿದ್ದು ಪ್ರತಿದಿನ ಇ-ಮೇಲ್ ನೋಡುವವರು. ಎರಡನೆಯವರು, ಹಬ್ಬದ ಉಡುಗೊರೆಗಾಗಿ ಅಥವಾ ಉಪಾಹಾರ ಗೃಹಕ್ಕಾಗಿ ಹೆಚ್ಚಿನ ಪ್ರಮಾಣದಲ್ಲಿ ಕೊಳ್ಳುವ ಕಚೇರಿಗಳು, ವಸತಿ ನಿಲಯಗಳು, ಹೋಟೆಲುಗಳು. ಇಂಥವರಿಗೆ ದರಪಟ್ಟಿಯೂ ಬೇಡಿಕೆಯೂ ಲಿಖಿತವಾಗಿ ಇರಬೇಕಾಗುತ್ತದೆ. ಮೂರನೆಯವರು, ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು. ಆಹಾರ ಪದಾರ್ಥವನ್ನು ವಿದೇಶಕ್ಕೆ ಕಳುಹಿಸುವುದು ಆಯಾ ದೇಶದ ನಿಯಮಗಳಿಗೆ ಒಳಪಟ್ಟ ತೊಡಕಿನ ಕೆಲಸ. ಆದರೆ ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ತಂದೆತಾಯಿಯರ ಮನೆಗೆ ರೊಟ್ಟಿ, ಚಟ್ನಿ ಪುಡಿ ತಲುಪಿಸಲು ಅವರು ಅಲ್ಲಿಂದಲೇ ಬೇಡಿಕೆ ಸಲ್ಲಿಸಬಹುದು.

ಇ-ಮೇಲ್‌ಗೆ ಇನ್ನೊಂದು ಅನುಕೂಲವುಂಟು. ಸಾಮಾಜಿಕ ಜಾಲತಾಣಗಳಲ್ಲಿ ಸಂಘದ ಸುದ್ದಿ ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂಬುದನ್ನು ಆ ಕಂಪನಿಗಳೇ ನಿರ್ಧರಿಸುತ್ತವೆ. ಒಪ್ಪಿಗೆಯಿಂದ ಪಡೆದ ವಿಳಾಸಗಳ ಪಟ್ಟಿಯಾದರೋ ಸಂಘದ ಸ್ವಂತ ಆಸ್ತಿ. ಜಾಲತಾಣ ಬದಲಾದರೂ ಆ ಪಟ್ಟಿ ಸಂಘದಲ್ಲಿಯೇ ಉಳಿಯುತ್ತದೆ.

4. ವಿಳಾಸ ಪಡೆಯುವ ಕ್ರಮ

ಮಳಿಗೆಯ ಮೇಜಿನ ಮೇಲೆ ಒಂದು ನೋಂದಣಿ ಪುಸ್ತಕವಿರಲಿ. ಅದರ ಪ್ರತಿ ಪುಟದ ಮೇಲ್ಭಾಗದಲ್ಲಿ ಹೀಗೆ ಬರೆದಿರಲಿ: “ಹೊಸ ಸರಕು ಸಿದ್ಧವಾದಾಗ ತಿಂಗಳಿಗೆ ಒಂದು ಪತ್ರ ಕಳುಹಿಸಲು ಮಾತ್ರ ಈ ವಿಳಾಸವನ್ನು ಬಳಸಲಾಗುವುದು. ಬೇರೆ ಯಾರಿಗೂ ಕೊಡುವುದಿಲ್ಲ. ಬೇಡವೆಂದು ಒಂದು ಮಾತು ಬರೆದರೆ ಪತ್ರ ನಿಲ್ಲಿಸಲಾಗುವುದು.” ಇದರ ಕೆಳಗೆ ಹೆಸರು, ಇ-ಮೇಲ್ ವಿಳಾಸ, ಊರು, ಕೊಂಡ ವಸ್ತು, ದಿನಾಂಕ ಮತ್ತು ಸಹಿ ಎಂಬ ಆರು ಕಲಮುಗಳು ಸಾಕು. ಗ್ರಾಹಕರೇ ತಮ್ಮ ಕೈಯಿಂದ ಬರೆಯುವುದು ಉತ್ತಮ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಪತ್ರ ತಲುಪದು. ಪ್ರತಿ ಪೊಟ್ಟಣದೊಳಗೆ ಸಂಘದ ವಿಳಾಸವಿರುವ ಸಣ್ಣ ಚೀಟಿಯನ್ನೂ ಇಡಬೇಕು. ಆಗ ಪೊಟ್ಟಣವನ್ನು ಉಡುಗೊರೆಯಾಗಿ ಪಡೆದವರು ಸಹ ಸಂಘಕ್ಕೆ ಬರೆಯಬಲ್ಲರು.

ಇದು ಸೌಜನ್ಯದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕಾಗಿ, ವಿಷಯ ತಿಳಿದು, ಸ್ಪಷ್ಟವಾದ ಕ್ರಿಯೆಯ ಮೂಲಕ ನೀಡಿದ್ದಾಗಿರಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಕಾಗದದಲ್ಲಿ ಸಂಗ್ರಹಿಸಿ ಬಳಿಕ ಗಣಕಯಂತ್ರಕ್ಕೆ ಏರಿಸಿದ ಮಾಹಿತಿಗೂ ಈ ಅಧಿನಿಯಮ ಅನ್ವಯಿಸುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವನ್ನೂ ಅದು ನೀಡುವುದರಿಂದ ಕನ್ನಡದಲ್ಲಿ ಬರೆದ ಸೂಚನೆಗೆ ಯಾವ ಅಡ್ಡಿಯೂ ಇಲ್ಲ.

5. ಪಂಚಾಯಿತಿಯ ದಾಖಲೆ ಮಾರಾಟದ ಪಟ್ಟಿಯಲ್ಲ

ಈ ಅಂಶವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಗ್ರಾಮ ಪಂಚಾಯಿತಿಯ ಬಳಿ ತೆರಿಗೆ ವಸೂಲಿ, ಇ-ಸ್ವತ್ತು, ನೀರಿನ ಸಂಪರ್ಕ, ಉದ್ಯೋಗ ಖಾತರಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಮುಂತಾದ ಕೆಲಸಗಳಿಗಾಗಿ ಸಾವಿರಾರು ಕುಟುಂಬಗಳ ದೂರವಾಣಿ ಸಂಖ್ಯೆಗಳೂ ವಿಳಾಸಗಳೂ ಇರುತ್ತವೆ. “ನಮ್ಮ ಊರಿನ ಹೆಣ್ಣುಮಕ್ಕಳ ಸಂಘಕ್ಕೇ ತಾನೆ, ಪಟ್ಟಿ ಕೊಟ್ಟರೆ ಏನಾಯಿತು?” ಎಂಬ ಮಾತು ಒಳ್ಳೆಯ ಉದ್ದೇಶದಿಂದಲೇ ಬರಬಹುದು. ಆದರೆ ಆ ಮಾಹಿತಿಯನ್ನು ಜನರು ಕೊಟ್ಟದ್ದು ಸರ್ಕಾರಿ ಸೇವೆಗಾಗಿ; ಉಪ್ಪಿನಕಾಯಿಯ ಜಾಹೀರಾತಿಗಾಗಿ ಅಲ್ಲ. ಒಂದು ಸಂಘಕ್ಕೆ ಕೊಟ್ಟ ಪಟ್ಟಿ ನಾಳೆ ಯಾವ ಕೈಗೆ ಹೋಗುವುದೆಂಬುದನ್ನು ಯಾರೂ ಹೇಳಲಾರರು. ಸಾಲದ ಆ್ಯಪ್‌ನವರ ಕೈಗೂ ವಂಚಕರ ಕೈಗೂ ಅದು ಸೇರಬಹುದು. ಹಾಗಾದಲ್ಲಿ ಮುಂದೆ ಪಂಚಾಯಿತಿಗೆ ನಿಜವಾದ ಸಂಖ್ಯೆ ಕೊಡಲು ಜನರು ಹಿಂಜರಿಯುತ್ತಾರೆ. ಆದುದರಿಂದ ಎಷ್ಟೇ ಆತ್ಮೀಯ ಕೋರಿಕೆಯಿದ್ದರೂ ಇಲ್ಲವೆನ್ನುವುದು ಸದಸ್ಯರ ಕರ್ತವ್ಯ. ಹಾಗೆಯೇ ಹಣ ಕೊಟ್ಟು ವಿಳಾಸಗಳ ಪಟ್ಟಿ ಕೊಳ್ಳುವಂತೆ ಯಾರಾದರೂ ಸಂಘಗಳಿಗೆ ಸಲಹೆ ನೀಡಿದರೆ ಅದನ್ನೂ ತಡೆಯಬೇಕು.

6. ಪತ್ರಗಳ ಸರಣಿ

ವಿಳಾಸ ಸಿಕ್ಕೊಡನೆ “ಕೊಳ್ಳಿರಿ, ಕೊಳ್ಳಿರಿ” ಎಂದು ಬರೆಯುವುದು ಸಲ್ಲದು. ಪತ್ರಗಳು ಕ್ರಮವಾಗಿ ಸಾಗಬೇಕು.

ಮೊದಲನೆಯ ಪತ್ರ ಸ್ವಾಗತದ ಪತ್ರ. ಮೇಳದ ನೆನಪು ಮಾಸುವ ಮುನ್ನ, ಎರಡು ಮೂರು ದಿನಗಳೊಳಗೆ, ಇದು ತಲುಪಬೇಕು. ಸಂಘ ಯಾವುದು, ಎಲ್ಲಿ ಭೇಟಿಯಾಗಿತ್ತು, ಮುಂದೆ ಎಷ್ಟು ಪತ್ರಗಳು ಬರುತ್ತವೆ ಎಂಬ ಮೂರು ವಿಷಯಗಳಷ್ಟೇ ಇದರಲ್ಲಿರಲಿ.

ಎರಡನೆಯದು ಉಪಯೋಗದ ಪತ್ರ. ಕಡಕ್ ರೊಟ್ಟಿಯನ್ನು ಮಳೆಗಾಲದಲ್ಲಿ ಮೆತ್ತಗಾಗದಂತೆ ಇಡುವ ಬಗೆ, ಮೆಣಸಿನ ಪುಡಿಯನ್ನು ಬೆಳಕು ತಾಗದ ಡಬ್ಬಿಯಲ್ಲಿ ಇಡಬೇಕಾದ ಕಾರಣ, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚಿದ್ದು ಖಾರ ಕಡಿಮೆಯಿರುವುದರಿಂದ ಅಡುಗೆಯಲ್ಲಿ ಅಳತೆ ಹೇಗಿರಬೇಕು ಎಂಬಂತಹ ತಿಳಿವಳಿಕೆ ಇದರಲ್ಲಿರಲಿ. ಏನನ್ನೂ ಕೊಳ್ಳದವನಿಗೂ ಈ ಪತ್ರದಿಂದ ಪ್ರಯೋಜನವಾಗಬೇಕು. ನಂಬಿಕೆ ಬೆಳೆಯುವುದು ಇಲ್ಲಿಯೇ.

ಮೂರನೆಯದು ಸರಕಿನ ಪತ್ರ. ಏನು ಸಿದ್ಧವಿದೆ, ಎಷ್ಟಿದೆ, ಬೆಲೆ ಎಷ್ಟು, ಅಂಚೆ ವೆಚ್ಚ ಎಷ್ಟು, ಯಾವ ದಿನದೊಳಗೆ ತಿಳಿಸಬೇಕು, ಯಾವ ದಿನ ರವಾನೆಯಾಗುವುದು ಎಂಬುದನ್ನು ನೇರವಾಗಿ ಬರೆಯಬೇಕು. ನಾಲ್ಕನೆಯದು ಸರಕು ತಲುಪಿದ ಮೇಲೆ ಬರೆಯುವ ವಿಚಾರಣೆಯ ಪತ್ರ: ಪೊಟ್ಟಣ ಸರಿಯಾಗಿ ತಲುಪಿತೆ, ರೊಟ್ಟಿ ಮುರಿದಿತ್ತೆ, ರುಚಿ ಹಿಡಿಸಿತೆ? ಈ ನಾಲ್ಕನೆಯ ಪತ್ರವನ್ನು ಬರೆಯದೆ ಬಿಡುವುದೇ ಹೆಚ್ಚು. ಆದರೆ ಒಮ್ಮೆ ಕೊಂಡವರು ಎರಡನೆಯ ಬಾರಿ ಕೊಳ್ಳಲು ಬಹುಮಟ್ಟಿಗೆ ಇದೇ ಕಾರಣವಾಗುತ್ತದೆ. ಆಮೇಲೆ ತಿಂಗಳಿಗೊಂದು ಪತ್ರ ಸಾಕು.

ಸರಕಿನ ಪತ್ರದ ಒಂದು ಮಾದರಿ:

“ವಿಷಯ: ಹೊಸ ಜೋಳದ ರೊಟ್ಟಿ ಸಿದ್ಧವಾಗಿದೆ, ಶುಕ್ರವಾರ ರವಾನೆ.

ಮಾನ್ಯರೆ, ಕಳೆದ ಮೇಳದಲ್ಲಿ ತಾವು ನಮ್ಮ ಸಂಘದ ಕಡಕ್ ರೊಟ್ಟಿ ಕೊಂಡಿದ್ದಿರಿ. ಈ ವರ್ಷದ ಹಿಂಗಾರಿ ಜೋಳ ಮನೆಗೆ ಬಂದಿದೆ. ಈ ವಾರ 60 ಪೊಟ್ಟಣಗಳಷ್ಟೇ ತಯಾರಾಗುತ್ತವೆ. ರೊಟ್ಟಿ, ಶೇಂಗಾ ಪುಡಿ ಮತ್ತು ಮೆಣಸಿನ ಪುಡಿ ಸೇರಿದ ಒಂದು ಕಟ್ಟಿನ ಬೆಲೆಯನ್ನೂ ಅಂಚೆ ವೆಚ್ಚವನ್ನೂ ಕೆಳಗೆ ಬರೆದಿದೆ. ಬೇಕಾದಲ್ಲಿ ಬುಧವಾರದೊಳಗೆ ಈ ಪತ್ರಕ್ಕೆ ಉತ್ತರ ಬರೆದು ವಿಳಾಸ ತಿಳಿಸಿರಿ. ಪತ್ರಗಳು ಬೇಡವಾದಲ್ಲಿ ‘ಬೇಡ’ ಎಂದು ಉತ್ತರಿಸಿದರೆ ಸಾಕು.”

ಈ ಮಾದರಿಯಲ್ಲಿ ಉತ್ಪ್ರೇಕ್ಷೆಯಿಲ್ಲ. 60 ಪೊಟ್ಟಣಗಳೆಂದು ಬರೆದರೆ ಅವು 60 ಆಗಿಯೇ ಇರಬೇಕು. ಪ್ರತಿ ವಾರವೂ “ಇಂದೇ ಕೊನೆಯ ದಿನ” ಎಂದು ಬರೆಯುವ ಸಂಘದ ಮಾತನ್ನು ನಾಲ್ಕನೆಯ ವಾರ ಯಾರೂ ನಂಬುವುದಿಲ್ಲ. ರೋಗ ಗುಣಪಡಿಸುತ್ತದೆ ಎಂಬಂತಹ ಹೇಳಿಕೆಯನ್ನು ಆಹಾರ ಪದಾರ್ಥದ ಬಗ್ಗೆ ಎಂದಿಗೂ ಬರೆಯಬಾರದು.

7. ಪತ್ರ ತಲುಪುವಂತೆ ನೋಡಿಕೊಳ್ಳುವುದು

ಐವತ್ತು ಮಂದಿಗೆ ಪತ್ರ ಕಳುಹಿಸುವಾಗ ಎಲ್ಲರ ವಿಳಾಸಗಳನ್ನು ‘ಟು’ ಎಂಬ ಸ್ಥಳದಲ್ಲಿ ಬರೆದರೆ ಒಬ್ಬೊಬ್ಬರ ವಿಳಾಸವೂ ಉಳಿದವರಿಗೆಲ್ಲ ಕಾಣುತ್ತದೆ. ಇದು ದೊಡ್ಡ ಲೋಪ. ‘ಬಿಸಿಸಿ’ ಎಂಬ ಸ್ಥಳದಲ್ಲಿ ಬರೆದರೆ ಯಾರ ವಿಳಾಸವೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಯವರೆಗೆ ಮಾತ್ರ ಕಳುಹಿಸಲು ಸಾಧ್ಯ. ಆರಂಭದಲ್ಲಿ ಒಂದು ಸಂಘಕ್ಕೆ ಇದು ಬೇಕಾದುದಕ್ಕಿಂತ ಹೆಚ್ಚು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಬಿಗಿ ನಿಯಮಗಳನ್ನು ಜಾರಿಗೆ ತಂದಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ಕಳುಹಿಸಿದವರ ಗುರುತನ್ನು ಖಚಿತಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ತಾಂತ್ರಿಕ ವ್ಯವಸ್ಥೆಗಳನ್ನು ಹೊಂದಿರಬೇಕು. ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಬರುವ ಅನುಕೂಲ ಒದಗಿಸಬೇಕು. ಸ್ಪ್ಯಾಮ್ ಎಂಬ ದೂರುಗಳು ಶೇ. 0.3ನ್ನು ಮುಟ್ಟಬಾರದು. ಅಂದರೆ ಸಾವಿರ ಪತ್ರಗಳಲ್ಲಿ ಮೂವರು ದೂರಿದರೂ ಕಷ್ಟ. ಹಳ್ಳಿಯ ಸಂಘ ಅಷ್ಟು ದೊಡ್ಡ ಪ್ರಮಾಣದಲ್ಲಿ ಬರೆಯುವುದಿಲ್ಲ ನಿಜ. ಆದರೂ ನಿಯಮದ ಹಿಂದಿನ ವಿವೇಕ ಎಲ್ಲರಿಗೂ ಒಂದೇ. ಬೇಡವೆಂದವರ ಹೆಸರನ್ನು ಅದೇ ದಿನ ಪಟ್ಟಿಯಿಂದ ತೆಗೆದುಹಾಕಬೇಕು, ಏಕೆಂದು ಕೇಳಬಾರದು.

8. ಲೆಕ್ಕ ಇಡುವ ವಿಧಾನ

ಪತ್ರವನ್ನು ಎಷ್ಟು ಮಂದಿ ತೆರೆದರು ಎಂಬ ಅಂಕಿಯನ್ನು ಕೆಲವು ತಂತ್ರಾಂಶಗಳು ತೋರಿಸುತ್ತವೆ. 2021ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಇ-ಮೇಲ್ ವ್ಯವಸ್ಥೆಯಲ್ಲಿ ಗೋಪ್ಯತೆಯ ಹೊಸ ಸೌಲಭ್ಯ ಒದಗಿಸಿದ ಮೇಲೆ, ಓದದ ಪತ್ರವೂ ತೆರೆದಂತೆ ಕಾಣಬಹುದಾಗಿದೆ. ಆದುದರಿಂದ ಆ ಅಂಕಿಯನ್ನು ನೆಚ್ಚಬಾರದು. ಸಂಘವು ಬರೆದಿಡಬೇಕಾದವು ಬೇರೆ: ಕಳುಹಿಸಿದ ಪತ್ರಗಳು, ಬಂದ ಉತ್ತರಗಳು, ಬಂದ ಬೇಡಿಕೆಗಳು, ಎರಡನೆಯ ಬಾರಿ ಬೇಡಿಕೆ ಸಲ್ಲಿಸಿದವರು, ಪಟ್ಟಿ ಬಿಟ್ಟವರು.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮೇಳದಲ್ಲಿ 120 ವಿಳಾಸಗಳು ದೊರೆತವೆಂದೂ, ಅವರಲ್ಲಿ 12 ಮಂದಿ ತಲಾ 500 ರೂಪಾಯಿಯ ಸರಕು ಕೊಂಡರೆಂದೂ ಭಾವಿಸೋಣ. ಒಟ್ಟು 6,000 ರೂಪಾಯಿ. ಇದು ಚಿಕ್ಕ ಮೊತ್ತವೆನಿಸಬಹುದು. ಆ 12 ಮಂದಿಯಲ್ಲಿ 6 ಮಂದಿ ಎರಡು ತಿಂಗಳಿಗೊಮ್ಮೆ ಅಷ್ಟನ್ನೇ ಕೊಳ್ಳುತ್ತ ಬಂದರೆ, ವರ್ಷಕ್ಕೆ ಅವರಿಂದಲೇ 18,000 ರೂಪಾಯಿಯ ವ್ಯಾಪಾರವಾಗುತ್ತದೆ. ಇದಕ್ಕೆ ಮಳಿಗೆಯ ಬಾಡಿಗೆಯಿಲ್ಲ, ಪ್ರಯಾಣದ ಖರ್ಚಿಲ್ಲ. ಎಷ್ಟು ರೊಟ್ಟಿ ತಟ್ಟಬೇಕೆಂಬುದೂ ಮೊದಲೇ ತಿಳಿದಿರುತ್ತದೆ. ಸರಕು ಉಳಿದು ಕೆಡುವುದು ತಪ್ಪುತ್ತದೆ. ಆದರೆ ಅಂಚೆ ವೆಚ್ಚವನ್ನು ಮರೆಯಬಾರದು. ಒಂದೇ ಪೊಟ್ಟಣ ಕಳುಹಿಸಿದರೆ ಲಾಭವೆಲ್ಲ ಅಂಚೆಗೆ ಹೋಗುತ್ತದೆ. ಎರಡು ಮೂರು ವಸ್ತುಗಳನ್ನು ಒಂದೇ ಕಟ್ಟಾಗಿ ಮಾರುವುದು ಇದಕ್ಕಾಗಿಯೇ.

9. ಪತ್ರಕ್ಕೆ ತಕ್ಕ ಸರಕು, ವಂಚನೆಗೆ ತಕ್ಕ ಎಚ್ಚರ

ಎಷ್ಟೇ ಚೆನ್ನಾಗಿ ಬರೆದ ಪತ್ರವೂ ಕಳಪೆ ಪೊಟ್ಟಣವನ್ನು ಕಾಪಾಡಲಾರದು. ಆಹಾರ ಪದಾರ್ಥ ಮಾರುವ ಸಂಘಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದಡಿ ನೋಂದಣಿ ಇರಬೇಕು. ಅದರ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲೆ ಕಾಣಬೇಕು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ದೂರು ನೀಡಲು ದೂರವಾಣಿ ಸಂಖ್ಯೆ ಮತ್ತು ಇ-ಮೇಲ್ ವಿಳಾಸ ಇವೂ ಇರಬೇಕು. ದೂರಿಗೆಂದು ಮುದ್ರಿಸಿದ ಆ ವಿಳಾಸವೇ ಮುಂದಿನ ಬೇಡಿಕೆ ಬರುವ ಬಾಗಿಲೂ ಆಗುತ್ತದೆ.

ಅಪರಿಚಿತರೊಡನೆ ವ್ಯವಹರಿಸುವಾಗ ಸಂಘವೂ ಜಾಗರೂಕವಾಗಿರಬೇಕು. ದೊಡ್ಡ ಬೇಡಿಕೆಯ ಆಸೆ ತೋರಿಸಿ, ಮುಂಗಡ ಹಣ ಕಳುಹಿಸುವುದಾಗಿ ಹೇಳಿ, ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಪಿನ್ ಒತ್ತುವಂತೆ ಕೇಳುವವರಿದ್ದಾರೆ. ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಬೇಕಾಗುವುದು ಹಣ ಕೊಡುವಾಗ ಮಾತ್ರ. ಈ ಒಂದು ಮಾತನ್ನು ಪ್ರತಿ ಸಂಘದ ಸಭೆಯಲ್ಲಿಯೂ ಓದಿ ಹೇಳಬೇಕು. ಮೋಸವಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

10. ಗ್ರಾಮ ಪಂಚಾಯಿತಿ ಮಾಡಬಹುದಾದ ಕಾರ್ಯಗಳು

ಪಂಚಾಯಿತಿ ತಾನೇ ವ್ಯಾಪಾರ ಮಾಡಬೇಕಾಗಿಲ್ಲ. ವ್ಯಾಪಾರಕ್ಕೆ ದಾರಿ ಸುಗಮಗೊಳಿಸಬಹುದು.

(ಅ) ಅರಿವು ಕೇಂದ್ರದಲ್ಲಿರುವ ಗಣಕಯಂತ್ರವನ್ನು ವಾರದಲ್ಲಿ ಒಂದು ನಿಗದಿತ ದಿನ, ಎರಡು ಗಂಟೆಗಳ ಕಾಲ, ಸಂಘಗಳ ಪತ್ರವ್ಯವಹಾರಕ್ಕೆ ಮೀಸಲಿಡುವುದು.

(ಆ) ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಹೆಸರಿನಲ್ಲಿ ಒಂದು ಇ-ಮೇಲ್ ಖಾತೆ ತೆರೆಯುವಂತೆ ಪ್ರೋತ್ಸಾಹಿಸುವುದು. ಖಾತೆಯು ವ್ಯಕ್ತಿಯೊಬ್ಬರ ಸ್ವಂತ ಖಾತೆಯಾಗಿರಬಾರದು. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಬದಲಿಸಿ, ಆ ವಿಷಯವನ್ನು ನಡಾವಳಿಯಲ್ಲಿ ದಾಖಲಿಸಬೇಕು.

(ಇ) ಪಿಯುಸಿ ಅಥವಾ ಪದವಿ ಓದಿರುವ, ಸಂಘದ ಸದಸ್ಯೆಯರ ಮನೆಯ ಯುವತಿಯರಲ್ಲಿ ಇಬ್ಬರಿಗೆ ಪತ್ರ ಬರೆಯುವ, ಪಟ್ಟಿ ಕಾಯ್ದುಕೊಳ್ಳುವ ತರಬೇತಿ ಕೊಡಿಸುವುದು. ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದರೂ ಕೆಲಸ ನಿಲ್ಲಬಾರದು.

(ಈ) ಮೇಳಕ್ಕೆ ಹೋಗುವ ಪ್ರತಿ ಸಂಘದ ಕೈಯಲ್ಲಿ ಒಪ್ಪಿಗೆಯ ನೋಂದಣಿ ಪುಸ್ತಕವಿದೆಯೇ ಎಂದು ವಿಚಾರಿಸುವುದು.

(ಉ) ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವಾಗ, ಸಂಘಗಳ ಮಾರುಕಟ್ಟೆಯ ಅಗತ್ಯಗಳನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರುವುದು.

(ಊ) ಮೂರು ತಿಂಗಳಿಗೊಮ್ಮೆ ಒಕ್ಕೂಟದಿಂದ ಮರುಬೇಡಿಕೆಗಳ ಲೆಕ್ಕ ಕೇಳುವುದು. ಕುಂದುಕೊರತೆಗಳಿದ್ದಲ್ಲಿ ಅಲ್ಲಿಯೇ ಸರಿಪಡಿಸುವುದು.

ಮೇಲಿನ ಯಾವ ಕಾರ್ಯಕ್ಕೂ ದೊಡ್ಡ ಅನುದಾನ ಬೇಕಾಗಿಲ್ಲ. ಬೇಕಾದುದು ಕ್ರಮ ಮತ್ತು ತಾಳ್ಮೆ. ಮೊದಲ ತಿಂಗಳಲ್ಲಿ ಎರಡೇ ಉತ್ತರಗಳು ಬಂದರೂ ಸಂಘ ನಿರಾಶೆಗೊಳ್ಳದಂತೆ ಸದಸ್ಯರು ಧೈರ್ಯ ಹೇಳಬೇಕು. ಆ ಇಬ್ಬರಿಗೆ ಸರಿಯಾದ ತೂಕದ, ಮುರಿಯದ, ಹೇಳಿದ ದಿನಕ್ಕೆ ತಲುಪಿದ ಪೊಟ್ಟಣ ಹೋದರೆ ಅವರೇ ಮೂರನೆಯವರಿಗೆ ಹೇಳುತ್ತಾರೆ. ತಮ್ಮ ಕ್ಷೇತ್ರದ ಒಂದೊಂದು ಸಂಘವನ್ನಾದರೂ ಮುಂದಿನ ಮೇಳದೊಳಗೆ ಈ ಕ್ರಮಕ್ಕೆ ಸಿದ್ಧಗೊಳಿಸುವ ಜವಾಬ್ದಾರಿಯನ್ನು ಮಾನ್ಯ ಸದಸ್ಯರು ವಹಿಸಿಕೊಳ್ಳಬೇಕೆಂದು ಕೋರಲಾಗಿದೆ.